ಯೋಜನೆಯ ಹಿಂದಿನ ನ್ಯಾಯವನ್ನು ಜನರಿಗೆ ಹೇಳುವುದು ಹೇಗೆ: ಜನಪ್ರತಿನಿಧಿಗಳಿಗೂ ಅವರ ಭಾಷಣ ಬರೆಯುವವರಿಗೂ

ಜನಪ್ರತಿನಿಧಿಯೊಬ್ಬರ ಭಾಷಣ ಸಿದ್ಧವಾಗುವ ಕ್ರಮವನ್ನು ಹತ್ತಿರದಿಂದ ಕಂಡವರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ. ಇಲಾಖೆಯಿಂದ ಒಂದು ಟಿಪ್ಪಣಿ ಬರುತ್ತದೆ. ಬಿಡುಗಡೆಯಾದ ಅನುದಾನ, ಫಲಾನುಭವಿಗಳ ಸಂಖ್ಯೆ, ಮುಗಿದ ಕಾಮಗಾರಿ, ಬಾಕಿ ಉಳಿದ ಕಾಮಗಾರಿ ಇವಿಷ್ಟು ಅದರಲ್ಲಿರುತ್ತವೆ. ಆಪ್ತ ಸಹಾಯಕರು ಮೇಲೊಂದು ವಂದನೆಯನ್ನೂ ಕೆಳಗೊಂದು ಘೋಷಣೆಯನ್ನೂ ಸೇರಿಸಿ ಅದನ್ನು ವೇದಿಕೆಗೆ ಕಳುಹಿಸುತ್ತಾರೆ. ಕೇಳಿದವರಿಗೆ ಎಷ್ಟು ಖರ್ಚಾಯಿತು ಎಂಬುದು ತಿಳಿಯುತ್ತದೆಯೇ ಹೊರತು, ಆ ಹಣ ಬೇರೊಂದಕ್ಕೆ ಹೋಗದೆ ಇದಕ್ಕೇ ಏಕೆ ಬಂತು ಎಂಬುದು ತಿಳಿಯುವುದಿಲ್ಲ. ಹಲವು ವರ್ಷ ನಾನೂ ಇಂಥ ಕರಡುಗಳನ್ನು ಬರೆದುಕೊಟ್ಟಿದ್ದೇನೆ. ಹಾಗಾಗಿ ಮುಂದೆ ತಪ್ಪೆಂದು ತೋರಿಸುವ ಬಹುಪಾಲು ಸಂಗತಿಗಳು ನನ್ನ ಕೈಯಿಂದಲೇ ಆದವು.

ಕಾರಣ ಹೇಳಬೇಕೆಂಬ ನಿಯಮ ನಮ್ಮಲ್ಲಿ ಇಲ್ಲದೆ ಇಲ್ಲ. ವಿಧಾನಮಂಡಲದಲ್ಲಿ ಮಂಡನೆಯಾಗುವ ವಿಧೇಯಕಗಳ ಜೊತೆಗೆ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಎಂಬುದೊಂದು ಇರುತ್ತದೆ. ಮುಖ್ಯವಾದ ನೀತಿಗಳನ್ನು ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನು ಸರ್ಕಾರ ತಾನಾಗಿಯೇ ಪ್ರಕಟಿಸಬೇಕೆಂದೂ, ಆಡಳಿತಾತ್ಮಕ ತೀರ್ಮಾನಗಳ ಕಾರಣವನ್ನು ಬಾಧಿತರಿಗೆ ತಿಳಿಸಬೇಕೆಂದೂ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ ಹೇಳುತ್ತದೆ. ಆದರೆ ಯಾವುದಾದರೂ ತಿದ್ದುಪಡಿ ವಿಧೇಯಕದ ಕೊನೆಯ ಪುಟ ತೆರೆದು ನೋಡಿ: ಇಂಥ ಪ್ರಕರಣವನ್ನು ತಿದ್ದುಪಡಿ ಮಾಡುವುದು ಅವಶ್ಯವೆಂದು ಪರಿಗಣಿಸಲಾಗಿದೆ, ಆದ್ದರಿಂದ ಈ ವಿಧೇಯಕ. ಅವಶ್ಯವೆಂದು ಪರಿಗಣಿಸಿದವರು ಯಾರು, ಯಾವ ನ್ಯಾಯದ ಲೆಕ್ಕದಲ್ಲಿ ಪರಿಗಣಿಸಿದರು ಎಂಬುದು ಅಲ್ಲಿ ಸಿಗುವುದು ಅಪರೂಪ. ಆ ಕೆಲಸ ಜನಪ್ರತಿನಿಧಿಯ ಬಾಯಿಯದು, ಅಧಿಕಾರಿಯ ಲೇಖನಿಯದಲ್ಲ.

ಮೊದಲು ಒಂದು ವಾಕ್ಯ ಬರೆದುಕೊಳ್ಳಿ

ಭಾಷಣಕ್ಕೆ ಕೂರುವ ಮುನ್ನ, ಅಂಕಿಅಂಶದ ಹಾಳೆಯನ್ನು ಪಕ್ಕಕ್ಕಿಟ್ಟು, ಒಂದೇ ಒಂದು ವಾಕ್ಯವನ್ನು ಪೂರ್ತಿ ಮಾಡಬೇಕು: ‘ಇಂಥವರಿಗೆ ಇಂಥದ್ದು ಸಲ್ಲಬೇಕೆಂದು ನಾನು ನಂಬುತ್ತೇನೆ, ಅದಕ್ಕಾಗಿ ಇಂಥದ್ದನ್ನು ಬಿಡಲು ಒಪ್ಪಿದ್ದೇನೆ.’ ಮೊದಲರ್ಧವನ್ನು ಎಲ್ಲರೂ ಬೇಗ ಬರೆಯುತ್ತಾರೆ. ಎರಡನೆಯರ್ಧಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ಹಾಗೆ ನಿಂತರೆ ಆ ಯೋಜನೆಯ ಬಗ್ಗೆ ನೀವು ಇನ್ನೂ ಯೋಚಿಸಿಲ್ಲವೆಂದು ಅರ್ಥ.

ಬರೆದ ವಾಕ್ಯ ಸರಿಯಿದೆಯೇ ಎಂದು ತಿಳಿಯಲು, ಅದಕ್ಕೆ ‘ಇಲ್ಲ, ನಾನು ಒಪ್ಪುವುದಿಲ್ಲ’ ಎನ್ನಬಲ್ಲ ಮರ್ಯಾದಸ್ಥರೊಬ್ಬರು ಊರಿನಲ್ಲಿ ಇದ್ದಾರೆಯೇ ಎಂದು ಕೇಳಿಕೊಳ್ಳಿ. ‘ಎಲ್ಲರ ಅಭಿವೃದ್ಧಿಯೇ ನಮ್ಮ ಗುರಿ’ ಎಂಬುದನ್ನು ಯಾರೂ ವಿರೋಧಿಸುವುದಿಲ್ಲ. ಆದ್ದರಿಂದಲೇ ಅದು ಏನನ್ನೂ ಹೇಳುವುದಿಲ್ಲ. ‘ಮನೆ ಹಂಚುವಾಗ ಮೊದಲು ಒಂಟಿ ಹೆಂಗಸರಿಗೆ, ನಂತರ ಉಳಿದವರಿಗೆ’ ಎಂದರೆ ಸಭೆಯಲ್ಲಿ ನಾಲ್ಕು ಮಂದಿ ಎದ್ದು ನಿಲ್ಲುತ್ತಾರೆ. ಅವರು ಎದ್ದರೆ ನೀವು ಏನೋ ಒಂದನ್ನು ಹೇಳಿದ್ದೀರಿ ಎಂದಾಯಿತು.

ಇಲ್ಲಿ ಒಂದು ಮಾತು. ‘ಮೌಲ್ಯ’ ಎಂಬ ಪದವನ್ನು ಭಾಷಣದಲ್ಲಿ ಆದಷ್ಟು ಬಳಸದಿರುವುದು ಲೇಸು. ಆ ಪದ ಕೇಳಿದೊಡನೆ ಜನರಿಗೆ ನೆನಪಾಗುವುದು ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನ, ಇಲ್ಲವೇ ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಮೌಲ್ಯ. ಜನರ ಬಾಯಲ್ಲಿ ಅದೇ ಕೆಲಸವನ್ನು ಮಾಡುವ ಪದಗಳು ಬೇರೆ ಇವೆ: ನ್ಯಾಯ, ಪಾಲು, ಹಕ್ಕು, ಋಣ, ಮರ್ಯಾದೆ, ಹಂಗು. ಈ ಆರರಲ್ಲಿ ಯಾವುದು ನಿಮ್ಮ ಯೋಜನೆಗೆ ಹೊಂದುತ್ತದೆಂದು ಹುಡುಕಿದರೆ ಅರ್ಧ ಭಾಷಣ ಮುಗಿದಂತೆ.

ಒಂದೇ ಯೋಜನೆ, ಮೂರು ನ್ಯಾಯ

ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಯೋಜನೆ ಶುರುವಾದ ಹೊಸತರಲ್ಲಿ ನಾನಿದ್ದ ಸಾರಿಗೆ ಬಸ್ಸೊಂದರಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತಿದ್ದ ಒಬ್ಬರು, ‘ದುಡ್ಡು ಕೊಟ್ಟೋರು ನಿಂತ್ಕೋಬೇಕು, ಬಿಟ್ಟಿ ಬಂದೋರು ಕೂತ್ಕೋಬೇಕು’ ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದರು. ಕಂಡಕ್ಟರ್ ಆಧಾರ್ ಕಾರ್ಡುಗಳನ್ನು ನೋಡುತ್ತ, ಮಷಿನ್ನಿನಿಂದ ಶೂನ್ಯ ಟಿಕೆಟ್ಟುಗಳನ್ನು ಹರಿಯುತ್ತ, ತಲೆ ಎತ್ತದೆಯೇ ಹೇಳಿದರು: ‘ಬಿಟ್ಟಿ ಯಾವುದೂ ಇಲ್ಲ ಸಾರ್. ಇದರ ದುಡ್ಡು ಸರ್ಕಾರ ಕೊಡುತ್ತೆ. ಅದಕ್ಕೇ ಒಂದೊಂದೂ ಹರೀತಿರೋದು.’ ಕಿಟಕಿ ಬಳಿ ಕುಳಿತಿದ್ದ ಹೆಂಗಸರು ಆ ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗಿಟ್ಟು, ವಾಪಸ್ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು.

ಕಂಡಕ್ಟರ್ ಹೇಳಿದ್ದು ಸರಿಯಾಗಿಯೇ ಇತ್ತು. ಶೂನ್ಯ ಟಿಕೆಟ್ಟಿನ ಲೆಕ್ಕದ ಮೇಲೆಯೇ ನಿಗಮಗಳಿಗೆ ಸರ್ಕಾರದಿಂದ ಹಣ ಸಂದಾಯವಾಗಬೇಕು. ಟಿಕೆಟ್ ಹರಿಯದಿದ್ದರೆ ನಿಗಮಕ್ಕೆ ಲುಕ್ಸಾನು. ಆದರೆ ಅವರು ಹೇಳಿದ್ದು ಲೆಕ್ಕ. ನಿಂತಿದ್ದವರು ಕೇಳಿದ್ದು ನ್ಯಾಯ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಆ ಬಸ್ಸಿನಲ್ಲಿ ಇರಲಿಲ್ಲ, ಮತ್ತು ಅವರು ಬೇರೆ ಕಡೆ ಕೊಟ್ಟ ಉತ್ತರ ಆ ಬಸ್ಸಿನವರೆಗೆ ಬಂದಿರಲಿಲ್ಲ. ನೀವು ಕಾರಣ ಹೇಳದಿದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ‘ಬಿಟ್ಟಿ’ ಎಂಬ ಎರಡಕ್ಷರ ಬಂದು ಅಲ್ಲಿ ಕೂರುತ್ತದೆ, ಒಮ್ಮೆ ಕೂತದ್ದನ್ನು ಎಬ್ಬಿಸುವುದು ಕಷ್ಟ.

ಈಗ ಅದೇ ಯೋಜನೆಗೆ ಕೊಡಬಹುದಾದ ಕಾರಣಗಳನ್ನು ಬಿಡಿಸಿ ನೋಡಬೇಕು. ಬೆಲೆ ಏರಿಕೆಯಿಂದ ಬಳಲಿದ ಮನೆಗೆ ಪರಿಹಾರ ಎಂಬುದು ಒಂದು. ಹೆಣ್ಣುಮಕ್ಕಳು ದೂರದ ಕೆಲಸಕ್ಕೆ, ಗಾರ್ಮೆಂಟ್ಸಿಗೆ, ಕಾಲೇಜಿಗೆ ಹೋಗಿ ದುಡಿಯುವಂತಾಗಲಿ ಎಂಬುದು ಇನ್ನೊಂದು. ಆಸ್ಪತ್ರೆಗೋ ತವರಿಗೋ ಹೋಗಲು ಗಂಡನ ಎದುರೋ ಮಗನ ಎದುರೋ ಕೈಯೊಡ್ಡುವ ಹಂಗು ತಪ್ಪಲಿ ಎಂಬುದು ಮತ್ತೊಂದು. ಮೇಲ್ನೋಟಕ್ಕೆ ಇವು ಒಂದೇ ಮಾತಿನ ಮೂರು ರೂಪಗಳಂತೆ ಕಂಡರೂ, ಎದುರಾಳಿ ಪ್ರಶ್ನೆ ಕೇಳಿದ ಕೂಡಲೇ ಬೇರೆಬೇರೆ ದಾರಿ ಹಿಡಿಯುತ್ತವೆ. ‘ಶ್ರೀಮಂತರ ಮನೆಯ ಹೆಂಗಸಿಗೂ ಏಕೆ?’ ಎಂದು ಕೇಳಿದರೆ, ಬೆಲೆ ಏರಿಕೆಯ ಕಾರಣ ಕೊಟ್ಟವರಿಗೆ ಉತ್ತರವಿಲ್ಲ, ಏಕೆಂದರೆ ಆ ನ್ಯಾಯದಂತೆ ಟಿಕೆಟ್ ಸಿಗಬೇಕಾದದ್ದು ಬಡ ಗಂಡಸಿಗೆ. ಹಂಗಿನ ಕಾರಣ ಕೊಟ್ಟವರಿಗೆ ಉತ್ತರವಿದೆ: ಮನೆಯಲ್ಲಿ ಹಣವಿದ್ದರೂ ಹೆಂಗಸಿನ ಕೈಯಲ್ಲಿ ಇರುವುದಿಲ್ಲ, ಆದ್ದರಿಂದ ಮನೆಯ ಆದಾಯ ನೋಡಿ ಕೊಡುವ ಯೋಜನೆ ಇದಲ್ಲ. ಐರಾವತ, ರಾಜಹಂಸದಂಥ ಬಸ್ಸುಗಳನ್ನು ಹೊರಗಿಟ್ಟಿದ್ದೇಕೆ ಎಂಬ ಪ್ರಶ್ನೆಗೂ ಅದರಲ್ಲೇ ಉತ್ತರ ಸಿಗುತ್ತದೆ: ಹೋಗಬೇಕಾದಲ್ಲಿಗೆ ಹೋಗುವುದು ಹಕ್ಕು, ಐಷಾರಾಮ ಹಕ್ಕಲ್ಲ. ವೇದಿಕೆಯ ಮೇಲೆ ಮೂರೂ ಕಾರಣಗಳನ್ನು ಒಟ್ಟಿಗೆ ಸುರಿಯುವ ಆಸೆಯಾಗುತ್ತದೆ. ಒಂದನ್ನು ಆರಿಸಿ, ಉಳಿದೆರಡನ್ನು ಅದರ ಫಲವೆಂದು ಹೇಳಿ.

ಬಿಟ್ಟುಕೊಟ್ಟದ್ದನ್ನೂ ನೀವೇ ಹೇಳಬೇಕು. ಬಸ್ಸಿನಲ್ಲಿ ನೂಕುನುಗ್ಗಲು ಹೆಚ್ಚಿತು, ನಿಂತು ಹೋಗುವವರ ಸಂಖ್ಯೆ ಹೆಚ್ಚಿತು; 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15ರಷ್ಟು ಏರಿದಾಗ ಟಿಕೆಟ್ ಕೊಳ್ಳುವವರು ಕೇಳಿದ ಪ್ರಶ್ನೆ ಸಹಜವಾದದ್ದೇ. ದರ ಏರಿಕೆಗೂ ಯೋಜನೆಗೂ ಸಂಬಂಧವೇ ಇಲ್ಲವೆಂದು ವಾದಿಸುತ್ತ ಕೂರುವುದಕ್ಕಿಂತ, ‘ಇಷ್ಟು ತೊಂದರೆ ನಿಮಗೆ ಆಗುತ್ತಿದೆ, ಅದನ್ನು ಬಲ್ಲೆ, ಆದರೂ ಇದನ್ನು ನಡೆಸುತ್ತಿರುವುದಕ್ಕೆ ಕಾರಣ ಇದು’ ಎಂದು ಕಂಬಿ ಹಿಡಿದು ನಿಂತವರ ಮುಖ ನೋಡಿ ಹೇಳುವುದು ಹೆಚ್ಚು ಬಾಳಿಕೆ ಬರುತ್ತದೆ.

ಕಳೆದುಕೊಳ್ಳುವವರ ಎದುರು ಮಾತಾಡುವುದು

ಪಡೆಯುವವರಿಗೆ ಕಾರಣ ಹೇಳುವುದು ಸುಲಭ. ಎಷ್ಟೋ ಸಲ ಅವರಿಗೆ ಕಾರಣ ಬೇಕಾಗಿಯೂ ಇರುವುದಿಲ್ಲ. ನಿಜವಾದ ಪರೀಕ್ಷೆ ಕಳೆದುಕೊಳ್ಳುವವರ ಎದುರು. ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ಪಾಠ ಬೇಕಿದ್ದರೆ ಭೂಸುಧಾರಣೆಯನ್ನೇ ನೋಡಬೇಕು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳದ ನಡುವೆ ಇದ್ದದ್ದು ಒಂದು ಕೊಳಗ. ಗೇಣಿಯ ಭತ್ತವನ್ನು ಒಡೆಯರು ಅಳೆದುಕೊಳ್ಳುತ್ತಿದ್ದ ಕೊಳಗ ರೂಢಿಯ ಅಳತೆಗಿಂತ ದೊಡ್ಡದೆಂಬುದು ರೈತರ ದೂರಾಗಿತ್ತು. ಗಣಪತಿಯಪ್ಪನವರು ಸಂಘಟಿಸಿದ, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಬೆನ್ನಿಗೆ ನಿಂತ, ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದ ಆ ಸತ್ಯಾಗ್ರಹದಿಂದ ನಾಡಿಗೆ ಉಳಿದುಬಂದ ಮಾತು ‘ಉಳುವವನೇ ಹೊಲದೊಡೆಯ’. ಎರಡೇ ಪದಗಳಲ್ಲಿ ಇಡೀ ನ್ಯಾಯ ಇದೆ: ಒಡೆತನ ಬರುವುದು ದುಡಿಮೆಯಿಂದ, ಕಾಗದದಿಂದಲ್ಲ. ಅದನ್ನು ಒಪ್ಪದಿರಲು ಬೇಕಾದಷ್ಟು ಅವಕಾಶವೂ ಅದರಲ್ಲೇ ಇದೆ. ಮೊದಲು ಬರೆದುಕೊಳ್ಳಬೇಕೆಂದ ಆ ಒಂದು ವಾಕ್ಯ ಹೇಗಿರಬೇಕೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಆ ಮಾತು ಕಾನೂನಿನ ಕೈಕಾಲು ಪಡೆಯಿತು. ಉಳುತ್ತಿದ್ದ ಭೂಮಿಯ ಒಡೆತನಕ್ಕಾಗಿ ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ಕರಾವಳಿ, ಮಲೆನಾಡಿನ ಹಳಬರು ಇಂದಿಗೂ ಅದನ್ನು ‘ಡಿಕ್ಲರೇಶನ್ ಕೊಟ್ಟದ್ದು’ ಎಂದೇ ಹೇಳುತ್ತಾರೆ. ಅರ್ಜಿಯನ್ನು ತೀರ್ಮಾನಿಸಲು ತಾಲ್ಲೂಕು ಮಟ್ಟದಲ್ಲಿ ಭೂ ನ್ಯಾಯಮಂಡಳಿಗಳು ಬಂದವು, ಅವುಗಳಲ್ಲಿ ಅಧಿಕಾರಿಗಳಲ್ಲದವರೂ ಕುಳಿತರು, ಮೊದಲಿಗೆ ಅಲ್ಲಿ ವಕೀಲರು ವಾದಿಸುವಂತಿರಲಿಲ್ಲ. ಈ ಕೊನೆಯ ನಿಯಮವನ್ನು ಗಮನಿಸಬೇಕು. ಒಡೆಯ ವಕೀಲನನ್ನು ಇಡಬಲ್ಲ, ಗೇಣಿದಾರ ಇಡಲಾರ ಎಂಬ ಅರಿವಿನಿಂದ ಬಂದ ನಿಯಮ ಅದು. ನಿಮ್ಮ ನಂಬಿಕೆ ಭಾಷಣದಲ್ಲಿ ಮಾತ್ರ ಇದ್ದು ಅರ್ಜಿ ನಮೂನೆಯಲ್ಲಿ, ಸರತಿ ಸಾಲಿನಲ್ಲಿ, ಕಚೇರಿಯ ವೇಳೆಯಲ್ಲಿ ಕಾಣದಿದ್ದರೆ ಜನ ಅದನ್ನು ನಂಬುವುದಿಲ್ಲ. ಆದ್ದರಿಂದ ವಿವರಿಸುವಾಗ ನಿಯಮಗಳೊಳಗಿಂದಲೇ ಒಂದನ್ನು ಎತ್ತಿ ತೋರಿಸಿ: ‘ಈ ನಿಯಮ ಹೀಗಿರುವುದು ಈ ಕಾರಣಕ್ಕೆ.’

ಆದರೆ ಆ ಕಾಯ್ದೆಯಿಂದ ಭೂಮಿ ಕಳೆದುಕೊಂಡವರೆಲ್ಲ ದೊಡ್ಡ ಜಮೀನ್ದಾರರಾಗಿರಲಿಲ್ಲ. ಎರಡು ಎಕರೆ ಗದ್ದೆಯನ್ನು ಗೇಣಿಗೆ ಕೊಟ್ಟು, ಬಂದ ಅಕ್ಕಿಯಲ್ಲಿ ಮನೆ ನಡೆಸುತ್ತಿದ್ದ ವಿಧವೆಯರೂ ಇದ್ದರು. ಅಂಥ ಮನೆಗಳಲ್ಲಿ ಆ ನೋವು ಎರಡು ತಲೆಮಾರಿನ ನಂತರವೂ ಮಾತಿಗೆ ಬರುತ್ತದೆ; ಅರಸು ಹೆಸರು ಒಂದು ಮನೆಯಲ್ಲಿ ದೇವರ ಪಟದ ಪಕ್ಕದಲ್ಲಿದ್ದರೆ, ನಾಲ್ಕು ಮನೆ ಆಚೆ ಅದನ್ನು ಎತ್ತುವಂತಿಲ್ಲ. ಅವರಿಗೆ ‘ಇದು ನಿಮಗೂ ಒಳ್ಳೆಯದೇ’ ಎಂದು ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು. ಕಳೆದುಕೊಳ್ಳುವವರಿಗೆ ಹೇಳಬೇಕಾದದ್ದು ಮೂರು ಸಂಗತಿ: ನಿಮ್ಮಿಂದ ಇಂಥದ್ದು ಹೋಗುತ್ತಿದೆ, ಅದು ನಿಮ್ಮ ತಪ್ಪಿಗಾಗಿ ಅಲ್ಲ, ಅದನ್ನು ತೆಗೆದುಕೊಳ್ಳುತ್ತಿರುವುದು ಈ ನ್ಯಾಯಕ್ಕಾಗಿ. ಮೂರನೆಯದನ್ನು ಅವರು ಒಪ್ಪದಿರಬಹುದು. ಮೊದಲೆರಡನ್ನು ಹೇಳದೆ ಹೋದರೆ ಅದನ್ನು ಅವರು ಅವಮಾನವೆಂದೇ ತಿಳಿಯುತ್ತಾರೆ.

2020ರಲ್ಲಿ ಅದೇ ಕಾಯ್ದೆಗೆ ಇನ್ನೊಂದು ತಿದ್ದುಪಡಿ ಬಂದು, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ ಅಡ್ಡಿಗಳಾದ 79ಎ ಮತ್ತು 79ಬಿ ಪ್ರಕರಣಗಳು ಹೋದವು. ತನ್ನ ಭೂಮಿಯನ್ನು ಒಳ್ಳೆಯ ಬೆಲೆಗೆ ಯಾರಿಗಾದರೂ ಮಾರುವ ಸ್ವಾತಂತ್ರ್ಯ ರೈತನಿಗಿರಬೇಕು ಎಂಬುದು ಅದರ ಪರವಾದ ನ್ಯಾಯ; ಭೂಮಿ ಉಳುವವನ ಕೈಯಲ್ಲೇ ಉಳಿಯಬೇಕು ಎಂಬುದು ವಿರೋಧಿಗಳ ನ್ಯಾಯ. ಎರಡೂ ಗೌರವಕ್ಕೆ ತಕ್ಕ ನಿಲುವುಗಳೇ. ಆದರೆ ಚರ್ಚೆಯ ಬಹುಭಾಗ ‘ರಿಯಲ್ ಎಸ್ಟೇಟ್ ದಲ್ಲಾಳಿಗಳು’ ಮತ್ತು ‘ಅಭಿವೃದ್ಧಿ ವಿರೋಧಿಗಳು’ ಎಂಬ ಬೈಗುಳಗಳಲ್ಲೇ ಕಳೆದುಹೋಯಿತು. ಅದರಿಂದ ಯಾರಿಗೂ ಏನೂ ತಿಳಿಯಲಿಲ್ಲ.

ಎದುರಾಳಿಯ ನ್ಯಾಯವನ್ನು ಅವರ ಮಾತಿನಲ್ಲೇ ಹೇಳಿ

ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ, ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳಿಗೆ ಸಾಕಷ್ಟು ಪ್ರಾತಿನಿಧ್ಯ ಸಿಗುವಂತೆ ಮಾಡಲು ಸಮಿತಿಯೊಂದನ್ನು ನೇಮಿಸಿದರು. ನೇಮಕಾತಿಗೆ ಅರ್ಹತೆಯೊಂದೇ ಅಳತೆಯಾಗಬೇಕೆಂಬುದು ದಿವಾನ ವಿಶ್ವೇಶ್ವರಯ್ಯನವರ ನಿಲುವು. ಆ ವರ್ಷದ ಕೊನೆಗೆ ಅವರು ದಿವಾನಗಿರಿಯಿಂದ ಹೊರಬಂದರು. ನೂರು ವರ್ಷ ಕಳೆದರೂ ಆ ಭಿನ್ನಾಭಿಪ್ರಾಯ ನಮಗೆ ಅರ್ಥವಾಗುತ್ತದೆ, ಏಕೆಂದರೆ ಇಬ್ಬರಿಗೂ ತಾವು ಯಾವ ನ್ಯಾಯದ ಪರ ಎಂಬುದು ಸ್ಪಷ್ಟವಾಗಿತ್ತು, ಒಬ್ಬರು ಅದಕ್ಕಾಗಿ ಹುದ್ದೆಯನ್ನೂ ಬಿಟ್ಟರು. ನನ್ನ ಒಲವು ಮಹಾರಾಜರ ಕಡೆಗಿದೆ, ಅದು ಬೇರೆ ಮಾತು.

ಇದರಿಂದ ಕಲಿಯಬಹುದಾದ ಅಭ್ಯಾಸವೆಂದರೆ, ಭಾಷಣದಲ್ಲಿ ಒಂದು ಪ್ಯಾರಾವನ್ನು ಎದುರು ಪಕ್ಷಕ್ಕೆ ಕೊಡುವುದು. ಅವರ ವಾದವನ್ನು ಅವರೇ ‘ಹೌದು, ನಾವು ಹೇಳುವುದು ಇದನ್ನೇ’ ಎಂದು ಒಪ್ಪುವ ಹಾಗೆ ಹೇಳಿ, ಆಮೇಲೆ ನಿಮ್ಮದು. ಕರಡಿನಲ್ಲಿ ಇಂಥ ಪ್ಯಾರಾ ಬರೆದಾಗಲೆಲ್ಲ ಮೊದಲು ಕೆಂಪು ಗೆರೆ ಬೀಳುವುದು ಅದಕ್ಕೇ, ಎಂಬುದು ನನ್ನ ಅನುಭವ. ಅದನ್ನು ಉಳಿಸಿಕೊಳ್ಳಲು ಜಗಳವಾಡಬೇಕಾಗುತ್ತದೆ.

ವಿಜ್ಞಾನದ ಹಿಂದೆ ಅಡಗಬೇಡಿ

2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರಿಂದ ವಿರೋಧ ಬಂತು. ಸರ್ಕಾರದ ಕಡೆಯ ಉತ್ತರ ಹೆಚ್ಚಾಗಿ ಅಪೌಷ್ಟಿಕತೆಯ ಅಂಕಿಅಂಶಗಳಲ್ಲಿತ್ತು. ಆ ಅಂಕಿಅಂಶ ಬೇಕೇ ಬೇಕು. ಆದರೆ ‘ಶಾಲೆಯ ಪಂಕ್ತಿಯಲ್ಲಿ ಮೊಟ್ಟೆ ಬರಬಾರದು’ ಎನ್ನುವವರು ಪ್ರೋಟೀನಿನ ಪ್ರಮಾಣದ ಬಗ್ಗೆ ಮಾತಾಡುತ್ತಿರಲಿಲ್ಲ. ಅವರದು ಆಚಾರದ, ಒಟ್ಟಿಗೆ ಕುಳಿತು ಉಣ್ಣುವ ಪಂಕ್ತಿಯ ಪ್ರಶ್ನೆ. ಅದಕ್ಕೆ ಉತ್ತರವೂ ಅದೇ ನೆಲೆಯಿಂದ ಬರಬೇಕು: ಮಗುವಿನ ತಟ್ಟೆಯಲ್ಲಿ ಏನಿರಬೇಕೆಂಬುದನ್ನು ಮಗುವೂ ಅದರ ಮನೆಯವರೂ ತೀರ್ಮಾನಿಸಲಿ, ಮೊಟ್ಟೆ ತಿನ್ನುವ ಮನೆಯ ಮಗು ಅದರಿಂದ ವಂಚಿತವಾಗಬಾರದು, ತಿನ್ನದ ಮನೆಯ ಮಗುವಿಗೆ ಬಾಳೆಹಣ್ಣು ಸಿಗಲಿ. ಯೋಜನೆಯಲ್ಲಿ ಬಾಳೆಹಣ್ಣು ಇದ್ದೇ ಇತ್ತು. ಅದು ಅಲ್ಲಿ ಏಕಿದೆ ಎಂದು ಗಟ್ಟಿಯಾಗಿ ಹೇಳುವುದಷ್ಟೇ ಬಾಕಿಯಿತ್ತು.

ಯೋಜನೆಯ ರೂಪ ಬದಲಾದಾಗಲೂ ಇದೇ ಮಾತು. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿ ಸಿಗದೆ, ಕೆಜಿಗೆ 34 ರೂಪಾಯಿಯಂತೆ ಒಬ್ಬರಿಗೆ 170 ರೂಪಾಯಿ ಖಾತೆಗೆ ಹಾಕಿದಾಗ, ಹಸಿವು ತಪ್ಪಿಸುವುದೇ ನಿಮ್ಮ ಉದ್ದೇಶವೆಂದು ಜನರಿಗೆ ಮೊದಲೇ ಗೊತ್ತಿದ್ದರೆ ಅದನ್ನು ತಾತ್ಕಾಲಿಕ ದಾರಿಯೆಂದು ಒಪ್ಪಿಕೊಳ್ಳುತ್ತಾರೆ. ಅಕ್ಕಿಯ ಚೀಲವನ್ನಷ್ಟೇ ತೋರಿಸಿ ಮತ ಕೇಳಿದ್ದರೆ, ಚೀಲ ಬರಲಿಲ್ಲವೆಂಬುದಷ್ಟೇ ಅವರಿಗೆ ಉಳಿಯುತ್ತದೆ.

ವಾರ್ಡ್ ಸಭೆಯಲ್ಲಿ

ಇದೆಲ್ಲ ಮುಖ್ಯಮಂತ್ರಿಗಳಿಗೂ ಮಂತ್ರಿಗಳಿಗೂ ಮಾತ್ರ ಎಂದು ಯಾರೂ ಭಾವಿಸಬಾರದು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರು ರೂಪಿಸಿದ 1983ರ ಪಂಚಾಯತ್ ಕಾಯ್ದೆ ಹೆಂಗಸರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಿಟ್ಟು, 1987ರಲ್ಲಿ ಚುನಾವಣೆ ನಡೆದ ಮೇಲೆ ತೀರ್ಮಾನ ಮಾಡುವ ಹೊಣೆ ಊರಿನ ಕಟ್ಟೆಯ ಹತ್ತಿರಕ್ಕೇ ಬಂದಿದೆ. ಅಲ್ಲಿ ಕಾರಣ ಹೇಳುವುದು ಇನ್ನೂ ಕಷ್ಟ, ಏಕೆಂದರೆ ಕೇಳುವವರು ಮರುದಿನ ಬೆಳಗ್ಗೆ ಹಾಲಿನ ಡೈರಿಯಲ್ಲಿ ಎದುರಿಗೆ ನಿಂತಿರುತ್ತಾರೆ.

ನಾನು ಕಂಡ ಒಂದು ಸಭೆಯಲ್ಲಿ ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ ನಡೆಯುತ್ತಿತ್ತು. ಬಂದ ಮನೆಗಳು ಹತ್ತು, ಅರ್ಜಿಗಳು ಅರವತ್ತಕ್ಕೂ ಮೇಲೆ. ಮೊದಲು ಮಾತಾಡಿದ ಸದಸ್ಯರು, ‘ಮೇಲಿಂದ ಬಂದ ಮಾರ್ಗಸೂಚಿ ಪ್ರಕಾರ ಪಟ್ಟಿ ಆಗಿದೆ, ನನ್ನ ಕೈಯಲ್ಲಿ ಏನೂ ಇಲ್ಲ’ ಎಂದರು. ತಕ್ಷಣ ಗದ್ದಲ ಎದ್ದಿತು. ಕೈಯಲ್ಲಿ ಏನೂ ಇಲ್ಲದವರು ಪಟ್ಟಿ ಹಿಡಿದು ನಿಂತಿದ್ದೇಕೆ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು. ಆಮೇಲೆ ಎದ್ದ ಸದಸ್ಯೆ, ವಯಸ್ಸಿನಲ್ಲಿ ಚಿಕ್ಕವರು, ಹೀಗೆಂದರು: ‘ಮಾರ್ಗಸೂಚಿ ಒಳಗೇ ಆಯ್ಕೆ ಮಾಡೋ ಜಾಗ ಸ್ವಲ್ಪ ಐತೆ. ಅಲ್ಲಿ ಗುಡಿಸಲಲ್ಲಿ ಒಬ್ಬರೇ ಇರೋ ಹೆಂಗಸರನ್ನ ಮುಂದೆ ಹಾಕಿದೀನಿ. ನಮ್ಮ ಚಿಕ್ಕಪ್ಪನ ಅರ್ಜಿ ಹಿಂದೆ ಹೋಗೈತೆ, ಇಲ್ಲೇ ಕೂತವ್ರೆ ಕೇಳಿ. ಮಳೆಗಾಲದಾಗೆ ಗೋಡೆ ಬಿದ್ರೆ ಕೂಗಿದ್ರೂ ಯಾರೂ ಬರಲ್ಲ ಅಂತ ಇರೋರಿಗೆ ಮೊದಲು. ಇದು ತಪ್ಪು ಅನ್ನೋರು ಹೇಳಿ, ಬರೆಸಾನ.’ ಗದ್ದಲ ನಿಲ್ಲಲಿಲ್ಲ, ಆದರೆ ಅದರ ದಿಕ್ಕು ಬದಲಾಯಿತು. ಅಂಗವಿಕಲ ಮಗನಿರುವ ಮನೆಯನ್ನು ಒಂಟಿ ಹೆಂಗಸಿನ ಮನೆಗಿಂತ ಹಿಂದೆ ಹಾಕುವುದು ಸರಿಯೇ ಎಂದು ಒಬ್ಬರು ಕೇಳಿದರು, ಅದರ ಮೇಲೆ ಅರ್ಧ ಗಂಟೆ ಮಾತು ನಡೆದು ಪಟ್ಟಿಯಲ್ಲಿ ಒಂದು ಹೆಸರು ಬದಲಾಯಿತು. ಚಿಕ್ಕಪ್ಪ ಮಾತ್ರ ಮಧ್ಯದಲ್ಲೇ ಎದ್ದು ಹೋದರು.

ಆ ಸದಸ್ಯೆಯ ಮಾತಿನಲ್ಲಿ ಈ ಕೈಪಿಡಿ ಹೇಳುವ ಬಹುಪಾಲು ಇದೆ: ತಮ್ಮ ಕೈಯಲ್ಲಿ ಎಷ್ಟು ಜಾಗವಿತ್ತೆಂದು ಮೊದಲು ಒಪ್ಪಿಕೊಂಡರು, ಯಾರನ್ನು ಮುಂದೆ ಹಾಕಿದರೆಂದು ಹೇಳಿದರು, ಅದಕ್ಕೆ ತಾವು ತೆತ್ತದ್ದನ್ನು ತೋರಿಸಿದರು, ಭಿನ್ನಾಭಿಪ್ರಾಯಕ್ಕೆ ಬಾಗಿಲು ತೆರೆದಿಟ್ಟರು. ಅದರಲ್ಲೂ ‘ಬರೆಸಾನ’ ಎಂಬ ಕೊನೆಯ ಪದವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಭೆಯ ನಡಾವಳಿ ಪುಸ್ತಕದಲ್ಲಿ ಸಾಮಾನ್ಯವಾಗಿ ‘ಚರ್ಚಿಸಿ ಅನುಮೋದಿಸಲಾಯಿತು’ ಎಂಬ ಒಂದೇ ಸಾಲು ಇರುತ್ತದೆ. ಕಾರ್ಯದರ್ಶಿಗೆ ಹೇಳಿ ಅದರ ಕೆಳಗೆ ಇನ್ನೆರಡು ಸಾಲು ಬರೆಸಿ: ಯಾರಿಗೆ ಮೊದಲು ಎಂದು ತೀರ್ಮಾನವಾಯಿತು, ಏಕೆ ಎಂದು. ಮುಂದಿನ ವರ್ಷ ಮತ್ತೆ ಹತ್ತು ಮನೆ ಬಂದಾಗ ನಿಮ್ಮ ಸ್ವಂತದವರ ಅರ್ಜಿಯೂ ಅದರಲ್ಲಿರಬಹುದು, ಯಾರಾದರೂ ಆ ಪುಟವನ್ನು ತೆರೆದು ಸಭೆಯಲ್ಲಿ ಓದಬಹುದು. ಓದಲು ಅನುವಾಗುವಂತೆ, ಸಹಿ ಹಾಕುವ ಮುನ್ನ ಆ ಎರಡು ಸಾಲು ಅಲ್ಲಿವೆಯೇ ಎಂದು ನೋಡಿಕೊಳ್ಳಿ.